ಲಂಚ ತಿಂದ ಅಧಿಕಾರಿಯ ಡೈರಿ ಯಾಕೆ ಓದ್ತೀರಿ?

ಹದಿನೇಳನೇ ಶತಮಾನದ ಇಂಗ್ಲೆಂಡಿನ ಅಧಿಕಾರಿ, ಡೈರಿ ಬರೆದಿಟ್ಟ ಸ್ಯಾಮುಯೆಲ್ ಪೀಪ್ಸ್ ಬಗ್ಗೆ ಮಾತು ತೆಗೆದಾಗಲೆಲ್ಲ ನನಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಓದುಗರ ಬಳಗದಲ್ಲಿ ಕೇಳಿದ್ದಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಮೊನ್ನೆ ನನ್ನ ತಂಗಿಯ ಮಗ ಫೋನಿನಲ್ಲೂ ಕೇಳಿದ: "ಮಾವ, ಅವನು ಲಂಚ ತಗೊಂಡವನಂತಲ್ಲ? ಅಂಥವನ ಡೈರಿ ಯಾಕೆ ಮತ್ತೆ ಮತ್ತೆ ಓದ್ತೀರಿ?" ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಬಿಟ್ಟಿದ್ದೇನೆ. ಇವತ್ತು ಕೂತು ಪೂರ್ತಿ ಬರೆಯುತ್ತೇನೆ.

ಮೊದಲ ಭಾಗಕ್ಕೆ ಉತ್ತರ ಸುಲಭ. ಹೌದು, ತಗೊಂಡ. ಶತ್ರುಗಳ ಆರೋಪದಿಂದ ಇದು ನಮಗೆ ಗೊತ್ತಾಗಿದ್ದಲ್ಲ. ಅವನೇ ಬರೆದಿಟ್ಟಿದ್ದಾನೆ. ತಾರೀಖು, ಮೊತ್ತ, ಕೊಟ್ಟವನ ಹೆಸರು, ಎಲ್ಲ ಇದೆ.

1663ರ ಏಪ್ರಿಲ್ 3ರ ಪುಟ ನೋಡಿ. ಆಗ ಅವನಿಗೆ ಮೂವತ್ತು ವರ್ಷ. ಇಂಗ್ಲೆಂಡಿನ ನೌಕಾಪಡೆಗೆ ಹಡಗು ಕಟ್ಟಿಸುವ, ಸಾಮಾನು ಕೊಳ್ಳುವ, ಲೆಕ್ಕ ಇಡುವ ಕಚೇರಿಗೆ ನೇವಿ ಬೋರ್ಡ್ ಅಂತ ಹೆಸರು. ಅಲ್ಲಿ ಅವನು ಕ್ಲರ್ಕ್ ಆಫ್ ದಿ ಆಕ್ಟ್ಸ್, ಅಂದರೆ ಕಾರ್ಯದರ್ಶಿ. ಉತ್ತರ ಆಫ್ರಿಕಾದ ಟ್ಯಾಂಜಿಯರ್ ಊರಿಗೆ ಹಡಗು ಬಾಡಿಗೆಗೆ ಹಿಡಿಯುವ ಕೆಲಸವನ್ನು ಕ್ಯಾಪ್ಟನ್ ಗ್ರೋವ್ ಅನ್ನುವವನಿಗೆ ಪೀಪ್ಸ್ ಕೊಡಿಸಿದ್ದ. ಅವತ್ತು ಗ್ರೋವ್ ಅವನ ಕೈಗೆ ಒಂದು ಕಾಗದ ಕೊಟ್ಟ. ಒಳಗೆ ದುಡ್ಡಿದೆ ಅಂತ ಪೀಪ್ಸ್‌ಗೆ ಆಗಲೇ ಗೊತ್ತಾಯಿತು. ಅಲ್ಲಿ ಬಿಚ್ಚಲಿಲ್ಲ. ಆಫೀಸಿಗೆ ಬಂದು, ಒಳಗೆ ಕಣ್ಣು ಹಾಯಿಸದೆ ಕಾಗದ ಒಡೆದು, ದುಡ್ಡನ್ನೆಲ್ಲ ಹೊರಗೆ ಸುರಿದ. ಆಮೇಲೆ ಕಾಗದ ನೋಡಿದ. ಯಾಕೆ ಗೊತ್ತಾ? ಮುಂದೆ ಯಾರಾದರೂ ವಿಚಾರಣೆ ಮಾಡಿದರೆ "ಕಾಗದದೊಳಗೆ ನಾನು ದುಡ್ಡು ನೋಡಲಿಲ್ಲ" ಅಂತ ಹೇಳೋಕೆ. ಒಂದು ಚಿನ್ನದ ನಾಣ್ಯ ಇತ್ತು, ನಾಲ್ಕು ಪೌಂಡ್ ಮೊತ್ತದ ಬೆಳ್ಳಿ ನಾಣ್ಯ ಇತ್ತು.

ಈ ಸಾಲುಗಳನ್ನು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ಇಪ್ಪತ್ತೆಂಟು ವರ್ಷ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವನು ನಾನು. ಇಂಡೆಂಟು, ಕೊಟೇಶನ್ನು, ಬಿಲ್ಲು, ತೂಕದ ಚೀಟಿ, ಇವುಗಳ ನಡುವೆ ಆಯಸ್ಸು ಕಳೆದಿದೆ. ಮಾಲು ಕೊಡುವವರು ಹಬ್ಬದ ದಿನ ಸ್ವೀಟ್ ಬಾಕ್ಸ್ ತಂದು ಮೇಜಿನ ಮೇಲೆ ಇಟ್ಟು ಹೋಗುವುದನ್ನು ನೋಡಿದ್ದೇನೆ. ಡಬ್ಬಿ ಎತ್ತಿದ ತಕ್ಷಣ ಒಳಗಿರುವುದು ಬರೀ ಸ್ವೀಟ್ ಅಲ್ಲ ಅಂತ ಕೈಗೆ ತಿಳಿದುಬಿಡುತ್ತದೆ. ಆ ಹೊತ್ತಿನಲ್ಲಿ ಮನಸ್ಸು ಏನೇನು ಲೆಕ್ಕ ಹಾಕುತ್ತದೆ ಅನ್ನುವುದನ್ನು ಇಷ್ಟು ನೇರವಾಗಿ ಬರೆದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ.

ಈ ಪೀಪ್ಸ್ ದೊಡ್ಡ ಮನೆತನದವನಲ್ಲ. 1633ರ ಫೆಬ್ರವರಿ 23ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಹತ್ತಿರ ಹುಟ್ಟಿದ. ಅಪ್ಪ ದರ್ಜಿ. ಅಮ್ಮ ಮದುವೆಗೆ ಮುಂಚೆ ಬಟ್ಟೆ ಒಗೆಯುವ ಕೆಲಸ ಮಾಡಿದವಳು. ಹುಡುಗ ಜಾಣ. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ, ಕೇಂಬ್ರಿಡ್ಜ್‌ಗೂ ಹೋದ. 1649ರಲ್ಲಿ ರಾಜ ಮೊದಲನೇ ಚಾರ್ಲ್ಸ್‌ನ ತಲೆ ಕಡಿದಾಗ ಆ ಜನಜಂಗುಳಿಯಲ್ಲಿ ನಿಂತು ನೋಡಿದ್ದ. ಆಗ ಅವನು ರಾಜನ ವಿರೋಧಿಗಳ ಕಡೆ. ಹತ್ತು ವರ್ಷ ಕಳೆಯಿತು, ಗಾಳಿ ತಿರುಗಿತು, ಸತ್ತ ರಾಜನ ಮಗನೇ ಸಿಂಹಾಸನಕ್ಕೆ ವಾಪಸ್ ಬರುವ ಕಾಲ ಬಂತು. ಪೀಪ್ಸ್‌ನ ಅಪ್ಪನ ಕಡೆಯ ಸಂಬಂಧಿ ಎಡ್ವರ್ಡ್ ಮೊಂಟಾಗು ನೌಕಾಪಡೆಯ ದೊಡ್ಡ ಮನುಷ್ಯ. 1660ರ ಮೇ ತಿಂಗಳಲ್ಲಿ ಹೊಸ ರಾಜನನ್ನು ಹಾಲೆಂಡಿನಿಂದ ಕರೆತರಲು ಹೋದ ಹಡಗುಗಳ ಮುಖ್ಯಸ್ಥ ಅವನೇ. ಅವನ ಕಾರ್ಯದರ್ಶಿಯಾಗಿ ಪೀಪ್ಸ್ ಕೂಡ ಹಡಗು ಹತ್ತಿದ. ಆ ಹಡಗಿನ ಹೆಸರು ನೇಸ್ಬಿ. ರಾಜನ ಸೈನ್ಯ ಸೋತ ಯುದ್ಧದ ಹೆಸರು ಅದು. ರಾಜ ಹತ್ತುವ ಹಡಗಿಗೆ ಆ ಹೆಸರು ಹೇಗೆ ಇರೋಕಾಗುತ್ತೆ? ರಾಯಲ್ ಚಾರ್ಲ್ಸ್ ಅಂತ ಬದಲಾಯಿಸಿದರು. ಈ ಹಡಗು ಮುಂದೆ ಇನ್ನೂ ಎರಡು ಸಲ ಬರುತ್ತದೆ, ನೆನಪಿಟ್ಟುಕೊಳ್ಳಿ.

ರಾಜ ಬಂದ ಖುಷಿಯಲ್ಲಿ ಮೊಂಟಾಗುಗೆ ಅರ್ಲ್ ಆಫ್ ಸ್ಯಾಂಡ್‌ವಿಚ್ ಅನ್ನುವ ಬಿರುದು ಸಿಕ್ಕಿತು. ಅವನ ಕೃಪೆಯಿಂದ ಪೀಪ್ಸ್‌ಗೆ ನೇವಿ ಬೋರ್ಡಿನ ಹುದ್ದೆ ಸಿಕ್ಕಿತು. ವರ್ಷಕ್ಕೆ 350 ಪೌಂಡ್ ಸಂಬಳ. ಇವನಿಗೆ ಹಡಗಿನ ಕೆಲಸ ಏನೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಹುದ್ದೆ ಅಂದರೆ ಏನು ಅನ್ನುವುದನ್ನು ತಿಳಿಯದೆ ಲಂಚದ ಮಾತು ಆಡಿದರೆ ಪೀಪ್ಸ್ ಅರ್ಥವಾಗುವುದಿಲ್ಲ. ಹುದ್ದೆ ಒಂಥರಾ ಆಸ್ತಿ. ಅದೇ ಹುದ್ದೆಯಲ್ಲಿ ಹಿಂದೆ ಇದ್ದ ಥಾಮಸ್ ಬಾರ್ಲೋ ಅನ್ನುವ ಮುದುಕ ಬಂದು "ಇದು ನನ್ನದು" ಅಂದ. ಅವನಿಗೆ ವರ್ಷಕ್ಕೆ 100 ಪೌಂಡ್ ಕೊಡುತ್ತೇನೆ ಅಂತ ಒಪ್ಪಂದ ಮಾಡಿಕೊಂಡು ಪೀಪ್ಸ್ ಕುರ್ಚಿ ಉಳಿಸಿಕೊಂಡ. ಇನ್ನೊಬ್ಬ ಬಂದು 1000 ಪೌಂಡಿಗೆ ಹುದ್ದೆ ಮಾರುತ್ತೀಯಾ ಅಂತ ಕೇಳಿದ. ಬಾಯಲ್ಲಿ ನೀರೂರಿತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾನೆ. 1665ರಲ್ಲಿ ಬಾರ್ಲೋ ಸತ್ತಾಗ ಬರೆದಿದ್ದು ಇನ್ನೂ ನೇರ: ಯಾರ ಸಾವಿನಿಂದ ತನಗೆ ವರ್ಷಕ್ಕೆ ನೂರು ಪೌಂಡ್ ಉಳಿಯುತ್ತದೋ ಅಂಥ ಪರಿಚಯವಿಲ್ಲದವನ ಬಗ್ಗೆ ಎಷ್ಟು ದುಃಖ ಪಡಬಹುದೋ ಅಷ್ಟು ಪಟ್ಟೆ, ದೇವರಿಗೇ ಗೊತ್ತು.

ಆಗಿನ ಆಡಳಿತದ ಗುಟ್ಟನ್ನು ಅವನಿಗೆ ಹೇಳಿಕೊಟ್ಟವನು ಸ್ಯಾಂಡ್‌ವಿಚ್. 1660ರ ಆಗಸ್ಟ್‌ನಲ್ಲಿ ಒಂದು ದಿನ ಹೇಳಿದ, ಯಾವ ಹುದ್ದೆಯ ಸಂಬಳವೂ ಮನುಷ್ಯನನ್ನು ಶ್ರೀಮಂತ ಮಾಡುವುದಿಲ್ಲ, ಹುದ್ದೆಯಲ್ಲಿದ್ದಾಗ ದುಡ್ಡು ಮಾಡುವ ಅವಕಾಶ ಶ್ರೀಮಂತ ಮಾಡುತ್ತದೆ ಅಂತ. ಸಂಬಳ, ಗಿಂಬಳ ಅಂತ ನಾವು ಜೋಡಿಯಾಗಿ ಹೇಳುತ್ತೇವಲ್ಲ, ಅದೇ ಮಾತು. ನಮ್ಮಲ್ಲಿ ಗಿಂಬಳ ಅನ್ನುವಾಗ ದನಿ ತಗ್ಗುತ್ತದೆ. ಸ್ಯಾಂಡ್‌ವಿಚ್ ಅದನ್ನು ಮನೆಯ ಹುಡುಗನಿಗೆ ಬುದ್ಧಿ ಹೇಳಿದ ಹಾಗೆ ಹೇಳಿದ. ಸಹಿಗೆ ಇಷ್ಟು, ನಕಲಿಗೆ ಇಷ್ಟು ಅಂತ ಶುಲ್ಕ ತಗೊಳ್ಳುವುದು ಆಗ ರೂಢಿ. ಕೆಲಸ ಆದ ಮೇಲೆ ಕೃತಜ್ಞತೆಗೆ ಅಂತ ಏನಾದರೂ ಕೊಡುವುದೂ ರೂಢಿ. ಎಲ್ಲಿ ಶುಲ್ಕ ಮುಗಿಯಿತು, ಎಲ್ಲಿ ಉಡುಗೊರೆ ಮುಗಿಯಿತು, ಎಲ್ಲಿಂದ ಲಂಚ ಶುರುವಾಯಿತು? ಆ ಗೆರೆಯನ್ನು ಪ್ರತಿಯೊಬ್ಬನೂ ತನಗೆ ತಾನೇ ಎಳೆದುಕೊಳ್ಳಬೇಕಿತ್ತು. ಪೀಪ್ಸ್ ಎಳೆದುಕೊಂಡ ಗೆರೆ ಇದು: ಕೆಲಸಕ್ಕೆ ಮುಂಚೆ ತಗೊಳ್ಳಬಾರದು, ರಾಜನಿಗೆ ನಷ್ಟ ಮಾಡಬಾರದು, ಇವೆರಡು ಇಲ್ಲದಿದ್ದರೆ ತಗೊಂಡರೆ ತಪ್ಪಿಲ್ಲ.

ಆದರೆ ಅವನಲ್ಲಿ ಇನ್ನೊಂದು ಮುಖ ಇತ್ತು. ನನ್ನನ್ನು ಹಿಡಿದಿಟ್ಟಿರುವುದು ಅದೇ.

ಹುದ್ದೆ ಸಿಕ್ಕಿ ಎರಡು ವರ್ಷವಾಗಿತ್ತು. ಮರ, ಹಗ್ಗ, ಡಾಂಬರು, ಕ್ಯಾನ್ವಾಸ್, ಎಲ್ಲದರ ಲೆಕ್ಕವೂ ಇವನ ಮೇಜಿಗೆ ಬರುತ್ತಿತ್ತು. ಲೆಕ್ಕ ಮಾಡಲು ಇವನಿಗೆ ಬರುತ್ತಿರಲಿಲ್ಲ. ಲ್ಯಾಟಿನ್ ಬರುತ್ತಿತ್ತು, ಗ್ರೀಕ್ ಬರುತ್ತಿತ್ತು, ಮಗ್ಗಿ ಬರುತ್ತಿರಲಿಲ್ಲ! ಆಗಿನ ಒಳ್ಳೆಯ ಶಾಲೆಗಳು ಮಗ್ಗಿ ಕಲಿಸುತ್ತಿರಲಿಲ್ಲ, ಅದು ಅಂಗಡಿಯವರ ವಿದ್ಯೆ. 1662ರ ಜುಲೈ 4ರಂದು, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಕೇಂಬ್ರಿಡ್ಜ್ ಪದವೀಧರ ಪೀಪ್ಸ್ ಮಗ್ಗಿ ಕಲಿಯಲು ಕೂತ. ಮೇಷ್ಟ್ರು ಕೂಪರ್ ಅನ್ನುವ ನಾವಿಕ, ಅದೇ ರಾಯಲ್ ಚಾರ್ಲ್ಸ್ ಹಡಗಿನವನು. ಐದು ದಿನದ ನಂತರದ ಪುಟದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಗ್ಗಿ ಉರು ಹೊಡೆಯುತ್ತಿದ್ದಾನೆ. ಲೆಕ್ಕದಲ್ಲಿ ತನಗೆ ಕಷ್ಟ ಅನ್ನಿಸುವುದು ಇದೊಂದೇ ಅಂತ ಬರೆಯುತ್ತಾನೆ. ಬೇರೆ ಅಧಿಕಾರಿಯಾಗಿದ್ದರೆ ಗುಮಾಸ್ತನಿಗೆ "ನೀನೇ ಕೂಡಿಸು" ಅಂತ ಹೇಳಿ ಸಹಿ ಹಾಕುತ್ತಿದ್ದ. ಅಂಥವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ.

ಮಗ್ಗಿ ಕಲಿತು ಏನು ಮಾಡಿದ? ಆಗಸ್ಟ್ ತಿಂಗಳಲ್ಲಿ ಹಡಗು ಕಟ್ಟುವ ಆಂಥೊನಿ ಡೀನ್ ಜೊತೆ ವಾಲ್ತಮ್ ಕಾಡಿಗೆ ಹೋದ. ಕಡಿಯುವ ಮರವನ್ನು ಹೇಗೆ ಅಳೆಯುತ್ತಾರೆ, ಆ ಅಳತೆಯಲ್ಲಿ ವ್ಯಾಪಾರಿಗಳು ರಾಜನ ಖಜಾನೆಗೆ ಹೇಗೆ ಟೋಪಿ ಹಾಕುತ್ತಾರೆ ಅನ್ನುವುದನ್ನು ಅಲ್ಲೇ ನಿಂತು ಕಲಿತ. ಅದಕ್ಕೂ ಮುಂಚೆ ಜೂನ್‌ನಲ್ಲಿ ವೂಲಿಚ್ ಹಗ್ಗದಂಗಳದಲ್ಲಿ ಹಾಲೆಂಡಿನಿಂದ ತಂದ ನೂಲನ್ನು ಪರೀಕ್ಷೆಗೆ ಇಟ್ಟರು. ರೀಗಾ ಊರಿನ ನಾಲ್ಕು ಎಳೆ ತಡೆದ ಭಾರಕ್ಕೆ ಈ ನೂಲಿನ ಐದು ಎಳೆ ಕಿತ್ತುಬಂತು. ಬಿಚ್ಚಿ ನೋಡಿದರೆ, ಡಾಂಬರು ಹತ್ತಿದ ಹಳೆ ನಾರಿನ ಮೇಲೆ ಹೊಸ ನಾರು ಹೊದಿಸಿದ್ದರು. ಇಂಥ ಮೋಸ ಕೇಳಿರಲಿಲ್ಲ ಅಂತ ಬರೆದಿದ್ದಾನೆ. ಆ ನೂಲಿನ ವ್ಯಾಪಾರಿ ಅವನ ನೆರೆಮನೆಯವನೇ.

ನೆರೆಮನೆಯವನ ಮಾಲು ಕೆಟ್ಟದ್ದು ಅಂತ ದಾಖಲೆಗೆ ಹಾಕುವುದು ಎಷ್ಟು ಕಷ್ಟ ಅನ್ನುವುದು ಸ್ಟೋರ್ಸ್‌ನಲ್ಲಿ ಕೂತವರಿಗೆ ಗೊತ್ತು. ಅದಕ್ಕೇ ಈ ಪುಟ ನನಗೆ ತುಂಬ ಇಷ್ಟ.

ಈಗ ಎರಡೂ ಮುಖ ಒಂದೇ ಕಡೆ ಸೇರುವ ಜಾಗಕ್ಕೆ ಬರುತ್ತೇನೆ. 1663ರ ಸೆಪ್ಟೆಂಬರ್ 10. ಸರ್ ವಿಲಿಯಂ ವಾರೆನ್ ಅನ್ನುವ ದೊಡ್ಡ ಮರದ ವ್ಯಾಪಾರಿಯ ಹತ್ತಿರ 3000 ಪೌಂಡಿನ ಹಡಗುಗಂಬ ಕೊಳ್ಳುವ ಕರಾರು ಆಯಿತು. ಮೊದಲಿನಿಂದ ಕೊನೆಯವರೆಗೆ ಮಾತಾಡಿದ್ದು ಪೀಪ್ಸ್ ಒಬ್ಬನೇ. ಬೋರ್ಡಿನ ಉಳಿದವರು ಒಂದು ಸಲ ಓದಿಸಿ ಕೇಳಿ ಸಹಿ ಹಾಕಿದರು. ಗುಣ ಹೇಗಿದೆ, ಬೆಲೆ ಎಷ್ಟು, ಎಷ್ಟು ಬೇಕು, ಬೇಕೋ ಬೇಡವೋ, ಯಾರೂ ಕೇಳಲಿಲ್ಲ. ನಾನೊಬ್ಬ ಕಳ್ಳನಾಗಿದ್ದರೆ ಏನೆಲ್ಲ ಮಾಡಬಹುದಿತ್ತು, ದೇವರೇ, ಅಂತ ಪೀಪ್ಸ್ ಬರೆಯುತ್ತಾನೆ. ಈ ಕಚೇರಿಯಲ್ಲಿ 27 ವರ್ಷದಲ್ಲಿ ರಾಜನಿಗೆ ಇಷ್ಟು ಒಳ್ಳೆ ದರಕ್ಕೆ ಕಂಬ ಸಿಕ್ಕಿಲ್ಲ ಅಂತಲೂ ಬರೆಯುತ್ತಾನೆ.

ಐದು ತಿಂಗಳಾಯಿತು. 1664ರ ಫೆಬ್ರವರಿ 1ರಂದು ಅದೇ ವಾರೆನ್ ಸಿಕ್ಕಿ, ನಿನ್ನ ಹೆಂಡತಿಗೆ ಅಂತ ಕಾಗದದಲ್ಲಿ ಸುತ್ತಿದ ಕೈಗವಸು ಕೊಟ್ಟ. ಮುಟ್ಟಿದರೆ ಗಟ್ಟಿ. ಪೀಪ್ಸ್ ಬಿಚ್ಚಲಿಲ್ಲ. ನನ್ನ ಹೆಂಡತಿ ನಿಮಗೆ ಥ್ಯಾಂಕ್ಸ್ ಹೇಳುತ್ತಾಳೆ ಅಂದು ಮಾತು ಮುಂದುವರಿಸಿದ. ಮನೆಗೆ ಬಂದ ಮೇಲೆ ಹೆಂಡತಿ ಎಲಿಜಬೆತ್ ಕೋಣೆಯಿಂದ ಹೊರಗೆ ಹೋಗುವುದನ್ನೇ ಕಾದ. ಹೋಗು ಅಂತ ಹೇಳುವ ಹಾಗೂ ಇಲ್ಲ! ಆಮೇಲೆ ಬಿಚ್ಚಿದರೆ ಬಿಳಿ ಕೈಗವಸು ಒಂದು ಜೊತೆ, ನಲವತ್ತು ಚಿನ್ನದ ನಾಣ್ಯ. ಖುಷಿಗೆ ಊಟವೇ ಸೇರಲಿಲ್ಲವಂತೆ. ದೇವರು ದಿನೇದಿನೇ ನಮಗೆ ಒಳ್ಳೆಯದು ಮಾಡುತ್ತಿದ್ದಾನೆ ಅಂದುಕೊಂಡ. ಹೆಂಡತಿಗೆ ಹೇಳಲಾ ಬೇಡವಾ ಅಂತ ಒದ್ದಾಡಿ, ಕೊನೆಗೆ ಹೇಳಲಿಲ್ಲ. ತಾನು ಇರುವುದಕ್ಕಿಂತ ಜಾಸ್ತಿ ಅನುಕೂಲಸ್ಥ ಅಂತ ಅವಳು ತಿಳಿದುಬಿಟ್ಟರೆ ಅನ್ನುವ ಭಯ. ಎರಡು ತಿಂಗಳ ಹಿಂದಷ್ಟೇ ಅವಳಿಗೆ ಕೂಡುವುದು, ಕಳೆಯುವುದು, ಗುಣಿಸುವುದು ಹೇಳಿಕೊಟ್ಟಿದ್ದ. ಚೆನ್ನಾಗಿ ಕಲಿತಳು ಅಂತ ಸಂತೋಷಪಟ್ಟಿದ್ದ.

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಪೀಪ್ಸ್ ಅದೇ. ರಾಜನ ಖಜಾನೆಯ ಮೇಲೆ ಅವನಿಗಿದ್ದ ಪ್ರೀತಿ ನಿಜವಾದದ್ದು. ಚಿನ್ನದ ಆಸೆಯೂ ನಿಜ. ಅವನ ಕರಾರು ಒಳ್ಳೆಯದಾಗಿತ್ತು ಅಂತ ನಾನು ನಂಬುತ್ತೇನೆ. ಆದರೂ ಅವನ ಗೆರೆಯನ್ನು ನಾನು ಒಪ್ಪುವುದಿಲ್ಲ. ಕೆಲಸ ಆದ ಮೇಲೆ ಬಂದ ಉಡುಗೊರೆ ಅನ್ನುತ್ತಾನೆ, ಸರಿ. ಆದರೆ ವಾರೆನ್ ಜೊತೆ ಅದು ಕೊನೆಯ ಕರಾರಾಗಿರಲಿಲ್ಲ. ಮುಂದೆಯೂ ಅವನಿಂದ ಮರ ಕೊಂಡರು, ಅವನ ಉಡುಗೊರೆಗಳೂ ಬಂದವು. ಹಿಂದಿನ ಕೆಲಸಕ್ಕೆ ಕೊಟ್ಟ ಉಡುಗೊರೆ ಮುಂದಿನ ಕೆಲಸಕ್ಕೆ ಕೊಟ್ಟ ಮುಂಗಡವೂ ಆಗಿರುತ್ತದೆ. ಎರಡನೇ ಕೊಟೇಶನ್ ತರಿಸುವ ಕೈ ತಾನಾಗೇ ನಿಧಾನವಾಗುತ್ತದೆ. ಯಾರೂ ಏನೂ ಕೇಳುವುದೇ ಬೇಡ.

ಆ ನಲವತ್ತು ನಾಣ್ಯ ಎಷ್ಟು ದುಡ್ಡು? ಒಂದು ನಾಣ್ಯಕ್ಕೆ ಒಂದೇ ಪೌಂಡ್ ಅಂತ ಹಿಡಿದರೂ ಅವನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆಗ ನುರಿತ ನಾವಿಕನಿಗೆ ತಿಂಗಳಿಗೆ 24 ಶಿಲ್ಲಿಂಗ್. ಪೌಂಡಿಗೆ 20 ಶಿಲ್ಲಿಂಗ್. ಲೆಕ್ಕ ಹಾಕಿದರೆ ಒಬ್ಬ ನಾವಿಕನ ಸುಮಾರು ಮೂವತ್ತಮೂರು ತಿಂಗಳ ದುಡಿಮೆ ಆ ಕೈಗವಸಿನೊಳಗೆ ಇತ್ತು. ಆ 24 ಶಿಲ್ಲಿಂಗ್ ಕೂಡ ನಾವಿಕನಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಖಜಾನೆಯಲ್ಲಿ ದುಡ್ಡಿಲ್ಲದೆ ಟಿಕೆಟ್ ಅಂತ ಒಂದು ಚೀಟಿ ಕೊಟ್ಟು ಕಳಿಸುತ್ತಿದ್ದರು. ಹಸಿದವರು ಆ ಚೀಟಿಯನ್ನು ಕಡಿಮೆ ಬೆಲೆಗೆ ಮಾರಿಕೊಳ್ಳುತ್ತಿದ್ದರು. ಪ್ಲೇಗ್ ವರ್ಷ 1665ರ ಅಕ್ಟೋಬರ್ 7ರ ಪುಟದಲ್ಲಿ, ದುಡ್ಡಿಲ್ಲದೆ ಬೀದಿಯಲ್ಲಿ ಉಪವಾಸ ಬಿದ್ದ ನಾವಿಕರ ಗುಂಪು, ಅವರ ಗೋಳು, ಅದರಿಂದ ಕಚೇರಿಯಲ್ಲಿ ಕೆಲಸವೇ ಸಾಗಲಿಲ್ಲ, ಹೃದಯ ಕಲಕಿತು ಅಂತ ಪೀಪ್ಸ್ ಬರೆಯುತ್ತಾನೆ. ಆ ವರ್ಷದ ಕೊನೆಯ ದಿನ ತನ್ನ ಆಸ್ತಿ ಲೆಕ್ಕ ಹಾಕುತ್ತಾನೆ. ವರ್ಷದ ಮೊದಲು 1300 ಪೌಂಡ್ ಇದ್ದದ್ದು 4400 ಆಗಿತ್ತು.

ಈ ಎರಡು ಪುಟಗಳನ್ನು ನಾನು ಯಾವಾಗಲೂ ಒಟ್ಟಿಗೆ ಓದುತ್ತೇನೆ.

1667ರ ಜೂನ್‌ನಲ್ಲಿ, ಆಗ ಇಂಗ್ಲೆಂಡಿನ ಜೊತೆ ಯುದ್ಧದಲ್ಲಿದ್ದ ಡಚ್ಚರು, ಅಂದರೆ ಹಾಲೆಂಡಿನವರು, ಇಂಗ್ಲೆಂಡಿನ ಮೆಡ್ವೇ ನದಿಯೊಳಗೆ ನುಗ್ಗಿದರು. ಹಡಗುಗಳಿಗೆ ಬೆಂಕಿ ಇಟ್ಟರು. ರಾಜನನ್ನು ಕರೆತಂದ, ಪೀಪ್ಸ್‌ಗೆ ಮಗ್ಗಿ ಕಲಿಸಿದ ಮೇಷ್ಟ್ರ ಹಡಗು ರಾಯಲ್ ಚಾರ್ಲ್ಸ್‌ಅನ್ನು ಎಳೆದುಕೊಂಡು ಹೋದರು. ಅದರ ಹಿಂಭಾಗದ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮ್ ವಸ್ತುಸಂಗ್ರಹಾಲಯದಲ್ಲಿದೆ. ಡಚ್ ಹಡಗುಗಳ ಮೇಲಿಂದ ಇಂಗ್ಲಿಷ್ ಮಾತು ಕೇಳಿಸಿತಂತೆ. ಇಷ್ಟು ದಿನ ಟಿಕೆಟ್‌ಗಾಗಿ ಹೋರಾಡಿದೆವು, ಈಗ ಡಾಲರ್‌ಗಾಗಿ (ಡಚ್ಚರ ನಾಣ್ಯ) ಹೋರಾಡುತ್ತೇವೆ ಅಂತ ಕೂಗಿದವರು ಸಂಬಳ ಸಿಗದ ಇಂಗ್ಲಿಷ್ ನಾವಿಕರು. ವಾಪಿಂಗ್ ಬೀದಿಯಲ್ಲಿ ಅವರ ಹೆಂಡತಿಯರು, ನಮ್ಮ ಗಂಡಂದಿರಿಗೆ ಸಂಬಳ ಕೊಡದ್ದಕ್ಕೇ ಹೀಗಾಯಿತು ಅಂತ ಕಿರುಚಿದರು. ಪೀಪ್ಸ್ ಇದೆಲ್ಲವನ್ನೂ ಬರೆದುಕೊಂಡ. ಅದೇ ವಾರ ಹೆಂಡತಿ ಮತ್ತು ಅಪ್ಪನ ಕೈಯಲ್ಲಿ ಸುಮಾರು 1300 ಪೌಂಡ್ ಬೆಲೆಯ ಚಿನ್ನ ಕೊಟ್ಟು ಊರಿಗೆ ಕಳಿಸಿದ, ಅಲ್ಲಿ ಅದನ್ನು ತೋಟದಲ್ಲಿ ಹೂಳಿಸಿದ.

ಮುಂದೆ ಪಾರ್ಲಿಮೆಂಟು ಲೆಕ್ಕ ಕೇಳಿತು. 1668ರ ಮಾರ್ಚ್ 5ರಂದು ಪೀಪ್ಸ್ ಕಾಮನ್ಸ್ ಸಭೆಯ ಮುಂದೆ ನಿಂತು ಮೂರು ಗಂಟೆಗೂ ಹೆಚ್ಚು ಹೊತ್ತು ಮಾತಾಡಿ ನೇವಿ ಬೋರ್ಡನ್ನು ಉಳಿಸಿದ. ಹೋಗುವ ಮುಂಚೆ ಧೈರ್ಯಕ್ಕೆ ಬಿಸಿ ದ್ರಾಕ್ಷಾರಸವನ್ನೂ ಸ್ವಲ್ಪ ಬ್ರಾಂದಿಯನ್ನೂ ಕುಡಿದಿದ್ದ. ಎಲ್ಲ ಅಂಕಿಗಳೂ ಅವನ ಬಾಯಲ್ಲೇ ಇದ್ದವು. ನಾಲ್ಕು ಗಂಟೆಗೆ ಎದ್ದು ಕಲಿತ ಮಗ್ಗಿ ಅವತ್ತು ಕೈ ಹಿಡಿಯಿತು.

ಇಲ್ಲಿಯವರೆಗೆ ದುಡ್ಡಿನ ಮಾತಾಯಿತು. ಪ್ರಶ್ನೆ ಕೇಳುವವರು ಯಾರೂ ಎತ್ತದ ಇನ್ನೊಂದು ವಿಷಯ ಇದೆ. ಬ್ಯಾಗ್‌ವೆಲ್ ಅನ್ನುವ ಹಡಗಿನ ಬಡಗಿ. ಒಳ್ಳೆಯ ಹಡಗಿನಲ್ಲಿ ಕೆಲಸ ಬೇಕಿತ್ತು. ಅವನ ಹೆಂಡತಿ ಪೀಪ್ಸ್ ಹತ್ತಿರ ಶಿಫಾರಸು ಕೇಳಲು ಬಂದಳು. ಪೀಪ್ಸ್ ಅವಳನ್ನು ಬಳಸಿಕೊಂಡ. 1664ರ ಡಿಸೆಂಬರ್ 20ರಂದು ಅವರ ಮನೆಗೇ ಹೋಗಿ, ಊಟ ಮಾಡಿ, ಗಂಡನನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿ, ಅವಳು ತಡೆದರೂ ಬಿಡಲಿಲ್ಲ. ಹಾಗಂತ ಅವನೇ ಬರೆದಿದ್ದಾನೆ. ಇಂಥ ಕಡೆ ಮಾತ್ರ ಭಾಷೆ ಫ್ರೆಂಚ್‌ಗೆ ಜಾರುತ್ತದೆ. ಎರಡು ತಿಂಗಳ ನಂತರ ಇನ್ನೊಂದು ಪುಟದಲ್ಲಿ ಅವಳೊಂದಿಗೆ ಎಳೆದಾಡಿ ತನ್ನ ಎಡಗೈ ಬೆರಳು ನೋಯುತ್ತಿದೆ ಅಂತ ದೂರುತ್ತಾನೆ. ಡೈರಿಯಲ್ಲಿ ಅವಳು ಬರೀ ಬ್ಯಾಗ್‌ವೆಲ್‌ನ ಹೆಂಡತಿ. ಗಂಡನಿಗೆ ಮುಂದೆ ಒಳ್ಳೆಯ ಹಡಗು ಸಿಕ್ಕಿತು.

ಚಿನ್ನದ ನಾಣ್ಯದ ಬಗ್ಗೆ "ಆ ಕಾಲವೇ ಹಾಗಿತ್ತು" ಅನ್ನುವ ಮಾತನ್ನು ಸ್ವಲ್ಪ ಮಟ್ಟಿಗೆ ನಾನು ಕೇಳಿಸಿಕೊಳ್ಳುತ್ತೇನೆ. ಇದಕ್ಕೆ ಆ ಮಾತು ಹೊಂದುವುದಿಲ್ಲ. ಅವನ ಅಧಿಕಾರ ಅವಳ ಮೇಲೆ ಬಿದ್ದ ಹಾಗೆ ಇನ್ಯಾರ ಮೇಲೂ ಬೀಳಲಿಲ್ಲ. ಪೀಪ್ಸ್ ತೆಗೆದುಕೊಂಡದ್ದರಲ್ಲೆಲ್ಲ ಕೆಟ್ಟದ್ದು ಇದು. ಅವನ ಬಗ್ಗೆ ನಾನು ಎಷ್ಟು ಪ್ರೀತಿಯಿಂದ ಮಾತಾಡಿದರೂ ಇದನ್ನು ಬಿಟ್ಟು ಮಾತಾಡುವುದಿಲ್ಲ.

ನಮಗೂ ಅವನಿಗೂ ಏನು ಸಂಬಂಧ ಅಂತಲೂ ಕೆಲವರು ಕೇಳುತ್ತಾರೆ. ಒಂದು ಎಳೆ ಇದೆ, ಕಾರವಾರದ ಹತ್ತಿರ. ರಾಜನ ಮದುವೆಯಲ್ಲಿ ಪೋರ್ಚುಗೀಸರು ಟ್ಯಾಂಜಿಯರ್ ಮತ್ತು ಬೊಂಬಾಯಿಯನ್ನು ವರದಕ್ಷಿಣೆ ಕೊಟ್ಟರು. ಟ್ಯಾಂಜಿಯರ್ ಸಮಿತಿಯಲ್ಲಿ ಪೀಪ್ಸ್ ಇದ್ದ. ಬೊಂಬಾಯಿಯನ್ನು ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್‌ಗೆ ಅಲ್ಲಿನ ಪೋರ್ಚುಗೀಸ್ ಗವರ್ನರ್ ಊರು ಬಿಟ್ಟುಕೊಡಲಿಲ್ಲ. ಪೋರ್ಚುಗೀಸರು ನಮಗೆ ಮೋಸ ಮಾಡಿದರು ಅಂತ 1663ರ ಮೇ ತಿಂಗಳಲ್ಲಿ ಪೀಪ್ಸ್ ಬರೆದುಕೊಂಡಿದ್ದಾನೆ. ಶಿಪ್‌ಮನ್ ತನ್ನ ಸೈನಿಕರ ಜೊತೆ ಕಾಯುತ್ತಾ ಕೂತದ್ದು ಅಂಜುದೀವ್ ದ್ವೀಪದಲ್ಲಿ. ಕಾರವಾರದ ದಕ್ಷಿಣಕ್ಕೆ, ಈಗ ನೌಕಾನೆಲೆ ಇರುವ ಕಡೆ. ಅವನೂ ಅವನ ಹೆಚ್ಚಿನ ಸೈನಿಕರೂ ಅಲ್ಲೇ ಸತ್ತರು. ಆ ಕಡಲತೀರಕ್ಕೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಕಣ್ಣು ಹೋಗುತ್ತಿದೆ ಅನ್ನುವ ಭಯದಿಂದ 1669ರ ಮೇ 31ಕ್ಕೆ ಅವನು ಡೈರಿ ನಿಲ್ಲಿಸಿದ. ಕಣ್ಣು ಹೋಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಹೆಂಡತಿ ಹೋದಳು, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ. ಮತ್ತೆ ಮದುವೆಯಾಗಲಿಲ್ಲ. 1673ರಲ್ಲಿ ಇಡೀ ನೌಕಾಪಡೆಯನ್ನು ನಡೆಸುವ ಅಡ್ಮಿರಾಲ್ಟಿಯ ಕಾರ್ಯದರ್ಶಿಯಾದ, ಪಾರ್ಲಿಮೆಂಟ್ ಸದಸ್ಯನೂ ಆದ. 1677ರಲ್ಲಿ ಮೂವತ್ತು ಹೊಸ ಹಡಗಿಗೆ 6 ಲಕ್ಷ ಪೌಂಡ್ ಮಂಜೂರು ಮಾಡಿಸಿದ. ಅದೇ ವರ್ಷ ಲೆಫ್ಟಿನೆಂಟ್ ಆಗುವವರಿಗೆ ಪರೀಕ್ಷೆ ತಂದ. ದೊಡ್ಡವರ ಮಗ ಅಂದ ಮಾತ್ರಕ್ಕೆ ಹುದ್ದೆ ಇಲ್ಲ, ಮೂರು ವರ್ಷ ಸಮುದ್ರದಲ್ಲಿ ದುಡಿದಿರಬೇಕು, ಪರೀಕ್ಷೆ ಪಾಸಾಗಬೇಕು. ನೆಂಟನ ಶಿಫಾರಸಿನಿಂದ, ಏನೂ ಗೊತ್ತಿಲ್ಲದೆ ಕುರ್ಚಿಗೆ ಬಂದವನು ಮಾಡಿದ ನಿಯಮ ಇದು. ಅವನ ಎಲ್ಲ ಕೆಲಸಗಳಲ್ಲಿ ಇದನ್ನು ನಾನು ಮೇಲೆ ಇಡುತ್ತೇನೆ.

1679ರಲ್ಲಿ ಫ್ರೆಂಚರಿಗೆ ನೌಕಾಪಡೆಯ ಗುಟ್ಟು ಮಾರಿದ ಅಂತ ಸುಳ್ಳು ಆರೋಪ ಹೊರಿಸಿ ಅವನನ್ನು ಟವರ್ ಸೆರೆಮನೆಗೆ ಹಾಕಿದರು. ಜೊತೆಗೆ, ಕಾಡಿನಲ್ಲಿ ಮರದ ಅಳತೆ ಹೇಳಿಕೊಟ್ಟ ಆಂಥೊನಿ ಡೀನ್ ಕೂಡ. ಆರೋಪ ಮಾಡಿದ ಜಾನ್ ಸ್ಕಾಟ್ ಎಂಥ ಮೋಸಗಾರ ಅನ್ನುವುದಕ್ಕೆ ಪೀಪ್ಸ್ ಪ್ಯಾರಿಸ್‌ಗೆ ಭಾವಮೈದುನನನ್ನು ಕಳಿಸಿ ಸಾಕ್ಷಿ ಕಲೆಹಾಕಿಸಿದ. 1680ರಲ್ಲಿ ಕೇಸು ಬಿದ್ದುಹೋಯಿತು. ರಾಜ ಎರಡನೇ ಜೇಮ್ಸ್ ಓಡಿಹೋದ ಮೇಲೆ 1689ರಲ್ಲಿ ಪೀಪ್ಸ್ ಹುದ್ದೆ ಬಿಟ್ಟ.

ತನ್ನ 3000 ಪುಸ್ತಕಗಳು ಕೇಂಬ್ರಿಡ್ಜ್‌ನಲ್ಲಿ ತಾನು ಓದಿದ ಕಾಲೇಜಿಗೇ ಸೇರಬೇಕು ಅಂತ ಬರೆದಿಟ್ಟ. ಡೈರಿಯ ಆರು ಸಂಪುಟಗಳೂ ಆ ಕಪಾಟಿನಲ್ಲೇ ಇದ್ದವು. ಶೀಘ್ರಲಿಪಿಯಲ್ಲಿ ಬರೆದದ್ದು, ಆದರೆ ಆ ಲಿಪಿಯ ಕೈಪಿಡಿಯೂ ಅದೇ ಗ್ರಂಥಾಲಯದಲ್ಲಿತ್ತು. ಸುಡಲು ಮೂವತ್ತನಾಲ್ಕು ವರ್ಷ ಸಮಯ ಇತ್ತು. ಗ್ರೋವ್‌ನ ಕಾಗದ, ವಾರೆನ್‌ನ ಕೈಗವಸು, ಬ್ಯಾಗ್‌ವೆಲ್‌ನ ಹೆಂಡತಿ, ಬೀದಿಯಲ್ಲಿ ಬಿದ್ದ ನಾವಿಕರು, ಎಲ್ಲವನ್ನೂ ಚೆನ್ನಾಗಿ ಬೈಂಡ್ ಮಾಡಿಸಿ ಬಿಟ್ಟುಹೋದ. ಅವನ ಮೇಲೆ ನಾವು ಹೊರಿಸುವ ಆರೋಪಗಳಿಗೆಲ್ಲ ಅವನೇ ಸಾಕ್ಷಿ. ಲಂಚ ತಿಂದವನ ಡೈರಿ ಯಾಕೆ ಓದ್ತೀರಿ ಅಂದರೆ, ಇದಕ್ಕೇ ಓದುತ್ತೇನೆ.

1703ರ ಮೇ 26ರಂದು ಕ್ಲಾಪಮ್‌ನಲ್ಲಿ, ಒಂದು ಕಾಲದಲ್ಲಿ ತನ್ನ ಗುಮಾಸ್ತನಾಗಿದ್ದ ವಿಲ್ ಹ್ಯೂವರ್‌ನ ಮನೆಯಲ್ಲಿ ಪೀಪ್ಸ್ ತೀರಿಕೊಂಡ. ಸೇಂಟ್ ಓಲೇವ್ ಚರ್ಚಿನಲ್ಲಿ ಹೆಂಡತಿಯ ಪಕ್ಕ ಹೂಳಿದರು. ಅವನ ಲೆಕ್ಕದ ಪ್ರಕಾರ ಸರ್ಕಾರ ಅವನಿಗೆ ಕೊಡಬೇಕಾಗಿದ್ದ ಬಾಕಿ 28,007 ಪೌಂಡ್, 2 ಶಿಲ್ಲಿಂಗ್, ಒಂದೂಕಾಲು ಪೆನ್ನಿ. ಆ ದುಡ್ಡು ಯಾವತ್ತೂ ಬರಲಿಲ್ಲ.